ತೊಗರಿ ಬೇರಿನ ಗಂಟು ಒಳ್ಳೆಯದೋ ಕೆಟ್ಟದ್ದೋ? ಕಾಣದ ಹುಳವನ್ನು ಎಣಿಸಲು ಕಲಿಸಿದ ನೇಥನ್ ಕಾಬ್ ಕಥೆ

ಯಾದಗಿರಿ, ಶಹಾಪುರ, ಸುರಪುರ ಕಡೆಯ ರೈತರ ವಾಟ್ಸಾಪ್ ಗುಂಪುಗಳಲ್ಲಿ ಬೆಳೆಯ ಫೋಟೋಗಳಿಗೆ ಬರವಿಲ್ಲ. ಎಲೆ ಹಳದಿ ತಿರುಗಿದ ತೊಗರಿ, ನಿಂತಲ್ಲೇ ಬಾಡಿದ ಹತ್ತಿ, ಕಿತ್ತು ಹಿಡಿದ ಬೇರು. ಬೇರಿನಲ್ಲಿ ಗಂಟು ಕಂಡರಂತೂ ಸಲಹೆಗಳ ಸುರಿಮಳೆ. ಒಬ್ಬರು ಗಂಟಿದ್ದರೆ ಬೆಳೆಗೆ ಒಳ್ಳೆಯದು ಎನ್ನುತ್ತಾರೆ. ಇನ್ನೊಬ್ಬರು ಅದು ಹುಳ ಎಂದು ಒಂದು ಔಷಧಿಯ ಡಬ್ಬಿ ತೋರಿಸುತ್ತಾರೆ.

ಇಬ್ಬರ ಮಾತಿಗೂ ಆಧಾರವಿದೆ, ಏಕೆಂದರೆ ತೊಗರಿ ಬೇರಿನಲ್ಲಿ ಎರಡು ಬಗೆಯ ಗಂಟು ಕಾಣಬಹುದು. ಒಂದು ಗಿಡಕ್ಕೆ ಅನ್ನ ಕೊಡುತ್ತದೆ, ಇನ್ನೊಂದು ಗಿಡದ ಅನ್ನ ಕಸಿಯುತ್ತದೆ. ಯಾವುದು ಯಾವುದೆಂದು ಫೋಟೋ ನೋಡಿ ಹೇಳುವುದು ಕಷ್ಟ. ಬೇರು ಮುಟ್ಟಿ ನೋಡಬೇಕು, ಮಣ್ಣು ತೊಳೆದು ನೋಡಬೇಕು, ಕೊನೆಗೆ ಎಣಿಸಬೇಕು. ಹೀಗೆ ಎಣಿಸುವ ವಿಧಾನವನ್ನು ನೂರು ವರ್ಷಗಳ ಹಿಂದೆಯೇ ರೂಪಿಸಿಕೊಟ್ಟವರು ಅಮೆರಿಕದ ನೇಥನ್ ಆಗಸ್ಟಸ್ ಕಾಬ್. ಅವರು ತೀರಿಕೊಂಡದ್ದು 1932ರಲ್ಲಿ. ಇಂದಿಗೂ ಮಣ್ಣಿನ ಹುಳ ಎಣಿಸುವ ಪ್ರಯೋಗಾಲಯಗಳಲ್ಲಿ ಅವರ ಹೆಸರಿನ ವಿಧಾನ ಬಳಕೆಯಲ್ಲಿದೆ.

ಮೊದಲು, ಇದು ಯಾವ ಹುಳ?

ಇದರ ಹೆಸರು ನೆಮಟೋಡ್. ನಮ್ಮ ಕೃಷಿ ಪುಸ್ತಕಗಳು ಜಂತುಹುಳು ಎನ್ನುತ್ತವೆ. ಶಾಲೆಯಲ್ಲಿ ಮಕ್ಕಳಿಗೆ ಜಂತುಹುಳು ನಿವಾರಣೆಯ ಮಾತ್ರೆ ಕೊಡುತ್ತಾರಲ್ಲ, ಆ ಕರುಳಿನ ದುಂಡುಹುಳು ಮತ್ತು ಕೊಕ್ಕೆಹುಳು ಇದೇ ದೊಡ್ಡ ಕುಲಕ್ಕೆ ಸೇರಿದವು. ಎರೆಹುಳುವಿನ ಕುಲವೇ ಬೇರೆ, ಅದನ್ನು ಇದರ ಜೊತೆ ಸೇರಿಸಬೇಡಿ.

ಗಿಡದ ಬೇರು ತಿನ್ನುವ ನೆಮಟೋಡ್‌ಗಳು ಸಾಮಾನ್ಯವಾಗಿ ಒಂದು ಮಿಲಿಮೀಟರ್‌ಗಿಂತ ಚಿಕ್ಕವು. ಬಣ್ಣವಿಲ್ಲ, ಮೈ ಪಾರದರ್ಶಕ. ಬಾಯಿಯಲ್ಲಿ ಇಂಜೆಕ್ಷನ್ ಸೂಜಿಯಂಥ ಒಂದು ಮುಳ್ಳಿರುತ್ತದೆ. ಅದನ್ನು ಬೇರಿಗೆ ಚುಚ್ಚಿ ರಸ ಹೀರುತ್ತವೆ. ಬೇರುಗಂಟು ಹುಳುವಿನ ಹೆಣ್ಣು ಬೇರಿನೊಳಗೆ ಸೇರಿ ಅಲ್ಲೇ ಊದಿಕೊಳ್ಳುತ್ತದೆ, ಅದರ ಸುತ್ತ ಬೇರೂ ಊದಿಕೊಂಡು ಗಂಟಾಗುತ್ತದೆ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ.

ಇಲ್ಲೇ ಒಂದು ಭಯ ಕಳೆದುಬಿಡೋಣ. ಗಂಟುಬಿದ್ದ ಗಜ್ಜರಿ ತಿಂದರೆ ಹೊಟ್ಟೆಯಲ್ಲಿ ಹುಳ ಬೆಳೆಯುವುದಿಲ್ಲ. ಬೇರು ತಿನ್ನುವ ನೆಮಟೋಡ್ ಮನುಷ್ಯನ ಕರುಳಿನಲ್ಲಿ ಬದುಕುವ ಜೀವಿಯಲ್ಲ.

ದುಡಿಯುತ್ತಾ ಓದಿದ ಹುಡುಗ

ಕಾಬ್ ಹುಟ್ಟಿದ್ದು 1859ರ ಜೂನ್ 30ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪೆನ್ಸರ್ ಎಂಬ ಊರಿನಲ್ಲಿ. ಹೊಲದ ಕೆಲಸ ಕಂಡು ಬೆಳೆದ ಹುಡುಗ. ದುಡಿಯುತ್ತಲೇ ಓದಿ, 1881ರಲ್ಲಿ ವೂಸ್ಟರ್‌ನ ತಾಂತ್ರಿಕ ವಿದ್ಯಾಲಯದಿಂದ ರಸಾಯನಶಾಸ್ತ್ರದಲ್ಲಿ ಪದವಿ ಪಡೆದರು. ಅದೇ ವರ್ಷ ವಿಲಿಸ್ಟನ್ ಎಂಬ ಶಾಲೆಯಲ್ಲಿ ಮೇಷ್ಟ್ರಾದರು, ಮದುವೆಯೂ ಆಯಿತು.

ಆರು ವರ್ಷ ಪಾಠ ಹೇಳಿದ ಮೇಲೆ, 1887ರಲ್ಲಿ ಕುಟುಂಬದೊಂದಿಗೆ ಜರ್ಮನಿಯ ಯೇನಾ ನಗರಕ್ಕೆ ಹೊರಟರು. ಆ ಕಾಲದ ಹೆಸರಾಂತ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ ಪಾಠ ಮಾಡುತ್ತಿದ್ದ ವಿಶ್ವವಿದ್ಯಾಲಯ ಅದು. ಕಾಬ್ ಅಲ್ಲಿ ಹಿಡಿದ ವಿಷಯ ನೆಮಟೋಡ್. 1888ರಲ್ಲಿ ಡಾಕ್ಟರೇಟ್ ಬಂತು. ಆಮೇಲೆ ಇಟಲಿಯ ನೇಪಲ್ಸ್‌ನಲ್ಲಿದ್ದ ಪ್ರಸಿದ್ಧ ಪ್ರಾಣಿಶಾಸ್ತ್ರ ಕೇಂದ್ರದಲ್ಲಿ ಸಮುದ್ರದ ನೆಮಟೋಡ್‌ಗಳನ್ನು ನೋಡಿದರು.

ಪದವಿ ಬಂತು, ಆದರೆ ಹುಳ ನೋಡುವವರಿಗೆ ಸಂಬಳ ಕೊಡುವವರು ಯಾರು? ನೆಮಟೋಡ್ ಶಾಸ್ತ್ರ ಎಂಬ ವಿಭಾಗವೇ ಆಗ ಯಾವ ಕಚೇರಿಯಲ್ಲೂ ಇರಲಿಲ್ಲ. ಮುಂದಿನ ಎಷ್ಟೋ ವರ್ಷ ಕಾಬ್ ಬೇರೆ ಕೆಲಸಗಳ ನಡುವೆಯೇ ಹುಳಗಳಿಗೆ ಸಮಯ ಹೊಂದಿಸಬೇಕಾಯಿತು.

ಸಿಡ್ನಿಯಲ್ಲಿ ಬೇರುಗಂಟು

1889ರಲ್ಲಿ ಕಾಬ್ ಆಸ್ಟ್ರೇಲಿಯಾದ ಸಿಡ್ನಿಗೆ ಹೋದರು. ಮರುವರ್ಷ ನ್ಯೂ ಸೌತ್ ವೇಲ್ಸ್‌ನ ಹೊಸ ಕೃಷಿ ಇಲಾಖೆ ಅವರನ್ನು ಸಸ್ಯರೋಗ ತಜ್ಞರಾಗಿ ನೇಮಿಸಿಕೊಂಡಿತು. ಆಗ ಅಲ್ಲಿಯ ದೊಡ್ಡ ತಲೆನೋವು ಗೋಧಿಯ ತುಕ್ಕು ರೋಗ. ಆ ಕೆಲಸದ ಜೊತೆಗೇ 1890ರಲ್ಲಿ ಇಲಾಖೆಯ ಪತ್ರಿಕೆಯಲ್ಲಿ ಬೇರುಗಂಟಿನ ಹುಳದ ಬಗ್ಗೆ ದೀರ್ಘ ಲೇಖನ ಬರೆದರು. 1893ರಲ್ಲಿ ಫಿಜಿ ದ್ವೀಪದ ಬಾಳೆಯ ಬೇರಿನಿಂದ ಒಂದು ಹೊಸ ನೆಮಟೋಡ್ ವಿವರಿಸಿದರು. ಬೇರನ್ನು ಕೊರೆಯುತ್ತಾ ಸಾಗುವ ಈ ಹುಳ 1966ರಲ್ಲಿ ಕೇರಳದ ಬಾಳೆಯಲ್ಲೂ ಪತ್ತೆಯಾಯಿತು.

ತುಕ್ಕು ರೋಗದ ವಿಷಯದಲ್ಲಿ ಕಾಬ್ ಊಹೆ ಪೂರ್ತಿ ಸರಿಯಾಗಲಿಲ್ಲ. ದಪ್ಪ, ಗಡಸು ಎಲೆಯ ಗೋಧಿ ತುಕ್ಕನ್ನು ತಡೆಯುತ್ತದೆ ಎಂದು ಅವರು ವಾದಿಸಿದ್ದರು. ಮುಂದೆ ಬಂದ ಸಂಶೋಧನೆ, ತಡೆಯುವ ಶಕ್ತಿ ಹೆಚ್ಚಾಗಿ ಗಿಡದ ಒಳಗಿನ ಗುಣದಲ್ಲಿದೆ ಎಂದು ತೋರಿಸಿತು. ದೊಡ್ಡ ವಿಜ್ಞಾನಿ ಹೇಳಿದರೆಂಬ ಕಾರಣಕ್ಕೆ ಯಾವ ಮಾತೂ ಸತ್ಯವಾಗಿಬಿಡುವುದಿಲ್ಲ. ಫಾರ್ವರ್ಡ್ ಓದುವಾಗ ಇದೂ ನೆನಪಿರಲಿ.

ಇದೇ ಕಾಲಕ್ಕೆ ಭಾರತದಲ್ಲೂ ಈ ಹುಳ ದಾಖಲಾಯಿತು. 1901ರಲ್ಲಿ ನೀಲಗಿರಿಯ ದೇವಾಲಾದ ಚಹಾ ತೋಟದಲ್ಲಿ ಸಿ. ಎ. ಬಾರ್ಬರ್ ಬೇರುಗಂಟು ನೆಮಟೋಡ್ ಕಂಡರು. ನಮ್ಮ ದೇಶದಲ್ಲಿ ಬೇರುಗಂಟು ಹುಳುವಿನ ಮೊದಲ ದಾಖಲೆ ಎಂದು ಇದನ್ನೇ ಹೇಳುತ್ತಾರೆ.

ಕಬ್ಬು, ಹತ್ತಿ, ನಡುವೆ ಹುಳ

1905ರಲ್ಲಿ ಕಾಬ್ ಹವಾಯಿಗೆ ಬಂದು ಕಬ್ಬು ಬೆಳೆಗಾರರ ಸಂಘದ ಪ್ರಯೋಗ ಕೇಂದ್ರದಲ್ಲಿ ಕಬ್ಬಿನ ರೋಗಗಳ ವಿಭಾಗ ಕಟ್ಟಿದರು. 1907ರಲ್ಲಿ ವಾಷಿಂಗ್ಟನ್‌ನಲ್ಲಿ ಅಮೆರಿಕದ ಕೃಷಿ ಇಲಾಖೆ ಸೇರಿದರು. ಅಲ್ಲಿ ಸಿಕ್ಕ ಕೆಲಸ ಹತ್ತಿಯದು.

ಹತ್ತಿ ಬೆಳೆಯುವ ನಮ್ಮ ರೈತರಿಗೆ ಈ ಕೆಲಸ ಬಿಡಿಸಿ ಹೇಳಬೇಕಿಲ್ಲ. ಮಾರುಕಟ್ಟೆಯಲ್ಲಿ ವ್ಯಾಪಾರಿ ಹತ್ತಿಯನ್ನು ಬೆರಳಲ್ಲಿ ಎಳೆದು ನೋಡಿ ದರ ಕಟ್ಟುತ್ತಾನೆ. ಎಳೆ ಎಷ್ಟು ಉದ್ದ, ಕಸ ಎಷ್ಟು, ಬಣ್ಣ ಹೇಗಿದೆ ಎಂಬುದನ್ನೆಲ್ಲ ಅವನ ಕಣ್ಣೇ ತೀರ್ಮಾನಿಸಿದರೆ ರೈತ ಏನೂ ಹೇಳುವಂತಿಲ್ಲ. ದೇಶಕ್ಕೆಲ್ಲ ಒಂದೇ ದರ್ಜೆಯ ಮಾದರಿ ಇರಬೇಕು, ಎಳೆಯನ್ನು ಅಳೆಯಬೇಕು ಎಂಬ ಕೆಲಸದಲ್ಲಿ ಕಾಬ್ ತೊಡಗಿದರು. ಕಣ್ಣಳತೆಯ ಜಾಗಕ್ಕೆ ಎಲ್ಲರೂ ಒಪ್ಪುವ ಅಳತೆ ತರುವುದು ಅವರ ಸ್ವಭಾವವೇ ಆಗಿತ್ತು. ಅದನ್ನೇ ಮಣ್ಣಿನ ಹುಳಕ್ಕೂ ತಂದರು.

ನಿಂಬೆ, ಕಿತ್ತಳೆ ಜಾತಿಯ ಗಿಡಗಳ ಬೇರಿಗೆ ಅಂಟುವ ನೆಮಟೋಡ್‌ಗೆ 1913ರಲ್ಲಿ ಹೆಸರಿಟ್ಟವರೂ ಇವರೇ. ಹುಳುಗಳ ಅಧ್ಯಯನ ಪ್ರಾಣಿಶಾಸ್ತ್ರದ ಮೂಲೆಯಲ್ಲಿ ಬಿದ್ದಿರಬಾರದು, ಅದಕ್ಕೊಂದು ಸ್ವಂತ ಶಾಸ್ತ್ರವೇ ಬೇಕು ಎಂದು ಹಟ ಹಿಡಿದು ನೆಮಟಾಲಜಿ ಎಂಬ ಹೆಸರನ್ನು ಚಲಾವಣೆಗೆ ತಂದರು. ಅವರು ವಿವರಿಸಿದ ನೆಮಟೋಡ್ ಜಾತಿಗಳು ಸಾವಿರಕ್ಕೂ ಹೆಚ್ಚು ಎಂದು ಲೆಕ್ಕ ಹೇಳುತ್ತಾರೆ. ಚಿತ್ರ ಬರೆಯುವುದರಲ್ಲಿ ಮನೆಯ ಮಕ್ಕಳೂ ಕೈಜೋಡಿಸುತ್ತಿದ್ದರು. ಮಗಳು ಫ್ರೀಡಾ ಮುಂದೆ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಸ್ಯ ತಳಿವಿಜ್ಞಾನಿಯಾದರು.

ಒಂದು ಬಕೆಟ್, ಕೆಲವು ಜರಡಿ

1918ರಲ್ಲಿ ಕಾಬ್ ಪ್ರಕಟಿಸಿದ ಒಂದು ಪುಸ್ತಿಕೆ ಮಣ್ಣಿನಲ್ಲಿರುವ ನೆಮಟೋಡ್‌ಗಳ ಸಂಖ್ಯೆ ಅಂದಾಜು ಮಾಡುವುದನ್ನು ಕಲಿಸುತ್ತದೆ. ವಿಧಾನ ಕೇಳಿದರೆ ಅಡುಗೆಮನೆಯ ಕೆಲಸ ಅನ್ನಿಸುತ್ತದೆ. ಅಕ್ಕಿಯನ್ನು ನೀರಿನಲ್ಲಿ ಆಡಿಸಿ, ಕಲ್ಲು ತಳದಲ್ಲಿ ಉಳಿಯುವಂತೆ ನಿಧಾನವಾಗಿ ಬಗ್ಗಿಸುತ್ತೇವಲ್ಲ, ಇದರ ತತ್ವವೂ ಅದೇ.

ಅಳೆದ ಮಣ್ಣನ್ನು ಬಕೆಟ್ ನೀರಿಗೆ ಹಾಕಿ ಕಲಕುತ್ತಾರೆ. ಕೆಲವು ಸೆಕೆಂಡ್ ಬಿಟ್ಟರೆ ಕಲ್ಲು, ಮರಳು ತಳ ಸೇರುತ್ತವೆ. ನೆಮಟೋಡ್ ಹಗುರ, ಬೇಗ ಮುಳುಗುವುದಿಲ್ಲ. ಅಷ್ಟರಲ್ಲಿ ಮೇಲಿನ ನೀರನ್ನು ಜರಡಿಗೆ ಸುರಿಯುತ್ತಾರೆ. ಮೊದಲ ಜರಡಿಯಲ್ಲಿ ಕಸ, ಬೇರಿನ ಚೂರು ನಿಲ್ಲುತ್ತವೆ. ಹಾದು ಹೋದ ನೀರನ್ನು ಇನ್ನೂ ಸಣ್ಣ ಕಣ್ಣಿನ ಜರಡಿಗಳಿಗೆ ಒಂದರ ನಂತರ ಒಂದರಂತೆ ಹಾಕುತ್ತಾರೆ. ಇಂದಿನ ಪ್ರಯೋಗಾಲಯಗಳಲ್ಲಿ ಕೊನೆಯ ಜರಡಿಯ ಕಣ್ಣು ಮಿಲಿಮೀಟರ್‌ನ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಸಣ್ಣದು. ಮಣ್ಣಿನ ಕೆಸರು ಅದರಿಂದಲೂ ಇಳಿದುಹೋಗುತ್ತದೆ, ಹುಳ ಉಳಿಯುತ್ತದೆ. ಅದನ್ನು ತೊಳೆದು, ಚೌಕ ಗೆರೆ ಹಾಕಿದ ತಟ್ಟೆಯಲ್ಲಿಟ್ಟು, ಸೂಕ್ಷ್ಮದರ್ಶಕದ ಕೆಳಗೆ ಎಣಿಸುತ್ತಾರೆ. ಈಗ ಹೊಲದ ಬಗ್ಗೆ ಊಹೆಯ ಬದಲು ಒಂದು ಸಂಖ್ಯೆ ಸಿಕ್ಕಿತು. ಇಷ್ಟು ಮಣ್ಣಿನಲ್ಲಿ ಇಂಥ ಹುಳ ಇಷ್ಟು.

ಎಣಿಸಿದರೆ ಸಾಲದು, ಯಾವ ಹುಳ ಎಂದೂ ಗೊತ್ತಾಗಬೇಕು. ಹಿಡಿ ಮಣ್ಣಿನಲ್ಲಿ ಬೇರು ತಿನ್ನುವ ನೆಮಟೋಡ್ ಜೊತೆಗೆ ಬ್ಯಾಕ್ಟೀರಿಯಾ ತಿನ್ನುವವು, ಶಿಲೀಂಧ್ರ ತಿನ್ನುವವು, ಇತರ ನೆಮಟೋಡ್‌ಗಳನ್ನೇ ತಿನ್ನುವವು ಎಲ್ಲ ಬೆರೆತಿರುತ್ತವೆ. ಕೆಲವು ಕೀಟಗಳನ್ನು ಕೊಲ್ಲುವ, ರೈತನಿಗೆ ಸ್ನೇಹಿತರಾದ ಜಾತಿಗಳೂ ಇವೆ. ಅವುಗಳಲ್ಲಿ ಒಂದಾದ ಸ್ಟೈನರ್ನೀಮಾ ಗುಂಪಿಗೆ ಕಾಬ್ ಸಹೋದ್ಯೋಗಿ ಸ್ಟೈನರ್ ಹೆಸರೇ ಇದೆ.

ಗುರುತು ಹಿಡಿಯಲು ಕಾಬ್ ಅಳತೆಯ ಒಂದು ಸೂತ್ರ ಬಳಸಿದರು. ಡಚ್ ವಿಜ್ಞಾನಿ ಡೆ ಮಾನ್ ಹುಳದ ಅಳತೆಗಳನ್ನು ಪರಸ್ಪರ ಅನುಪಾತವಾಗಿ ಬರೆಯುತ್ತಿದ್ದರು. ಕಾಬ್ ಒಂದು ಅಡ್ಡಗೆರೆ ಎಳೆದು, ತಲೆಯಿಂದ ಬಾಯಿಕುಹರದ ಬುಡ, ನರದ ಉಂಗುರ, ಕತ್ತಿನ ಕೊನೆ, ಗುದದ್ವಾರ ಎಷ್ಟೆಷ್ಟು ದೂರ ಎಂದು ಗೆರೆಯ ಮೇಲೆ ಬರೆದರು. ಆಯಾ ಜಾಗದಲ್ಲಿ ಮೈ ಎಷ್ಟು ದಪ್ಪ ಎಂಬುದು ಗೆರೆಯ ಕೆಳಗೆ. ಎಲ್ಲವೂ ಒಟ್ಟು ಉದ್ದದ ಶೇಕಡಾ ಲೆಕ್ಕದಲ್ಲಿ. ಹುಳ ಸ್ವಲ್ಪ ದೊಡ್ಡದಿರಲಿ ಚಿಕ್ಕದಿರಲಿ, ಒಂದೇ ಜಾತಿಯಾಗಿದ್ದರೆ ಈ ಅಂಕಿಗಳು ಹತ್ತಿರ ಹತ್ತಿರ ಬರುತ್ತವೆ. ಒಂದೇ ಹುಳವನ್ನು ಮೇಲಿನಿಂದಲೂ ಕೆಳಗಿನಿಂದಲೂ ನೋಡಲು ಅವರು ರೂಪಿಸಿದ ಲೋಹದ ಸ್ಲೈಡ್ ಇಂದಿಗೂ ಕಾಬ್ ಸ್ಲೈಡ್ ಎಂದೇ ಕರೆಸಿಕೊಳ್ಳುತ್ತದೆ.

ಧ್ರುವದ ಹಿಮದಲ್ಲೂ ಇದೆಯೇ?

ಇದೆ. ಶ್ಯಾಕಲ್ಟನ್ ಸಾಹಸಯಾತ್ರೆ ದಕ್ಷಿಣ ಧ್ರುವದ ಸಮುದ್ರದಿಂದ ತಂದ ನೆಮಟೋಡ್‌ಗಳ ಬಗ್ಗೆ ಕಾಬ್ 1914ರಲ್ಲೇ ಬರೆದಿದ್ದಾರೆ. ಸೈಬೀರಿಯಾದಲ್ಲಿ ಸಾವಿರಾರು ವರ್ಷ ಹೆಪ್ಪುಗಟ್ಟಿದ್ದ ಹುಳ ಎದ್ದು ಓಡಾಡಿತು ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ಸುಳ್ಳಲ್ಲ. ಕೊಲಿಮಾ ನದಿಯ ಬಳಿಯ ಹೆಪ್ಪುಗಟ್ಟಿದ ನೆಲದಿಂದ ತೆಗೆದ ಆ ಹುಳವೂ ನೆಮಟೋಡೇ. ಸುಮಾರು 46,000 ವರ್ಷ ಹಳೆಯ ಮಣ್ಣಿನ ಪದರದಲ್ಲಿತ್ತು ಎಂದು 2023ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು.

1914ರಲ್ಲೇ ಕಾಬ್ ಓದುಗರ ಮುಂದೆ ಒಂದು ಕಲ್ಪನೆ ಇಟ್ಟಿದ್ದರು. ಭೂಮಿಯ ಮೇಲಿನ ಎಲ್ಲವನ್ನೂ ಅಳಿಸಿ ನೆಮಟೋಡ್‌ಗಳನ್ನು ಮಾತ್ರ ಅವು ಇದ್ದಲ್ಲೇ ಬಿಟ್ಟರೂ, ನಾವು ಭೂಮಿಯನ್ನು ಗುರುತಿಸಬಹುದು ಎಂಬ ಅರ್ಥದ್ದು. ನಮ್ಮ ಕಡೆಗೆ ತಂದು ನೋಡಿ. ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಸುರಪುರದ ಗುಡ್ಡಗಳು, ಕೃಷ್ಣಾ, ಭೀಮಾ, ಹೊಲಗಳಿಗೆ ಹರಿವ ನಾರಾಯಣಪುರ ಎಡದಂಡೆ ಕಾಲುವೆ, ಎಲ್ಲದರ ಆಕಾರ ಹುಳಗಳ ತೆಳು ಪೊರೆಯಾಗಿ ಉಳಿದಿರುತ್ತದೆ!

ಈ ಚಿತ್ರವನ್ನು ವಿಜ್ಞಾನದ ಲೆಕ್ಕ ಎಂದು ಹಂಚುವವರಿದ್ದಾರೆ. ಅದು ಅರ್ಥ ಮಾಡಿಸಲು ಕಟ್ಟಿದ ಕಲ್ಪನೆ. ಲೆಕ್ಕ ಬಂದದ್ದು 105 ವರ್ಷಗಳ ಬಳಿಕ. 2019ರಲ್ಲಿ ಜಗತ್ತಿನ ನಾನಾ ಕಡೆಯ 6,759 ಮಣ್ಣಿನ ಮಾದರಿಗಳನ್ನು ಆಧರಿಸಿ ವಿಜ್ಞಾನಿಗಳು ಅಂದಾಜು ಕೊಟ್ಟರು. ಮೇಲ್ಮಣ್ಣಿನ ನೆಮಟೋಡ್‌ಗಳನ್ನು ಹಂಚಿದರೆ ಪ್ರತಿಯೊಬ್ಬ ಮನುಷ್ಯನ ಪಾಲಿಗೆ ಸುಮಾರು 5,700 ಕೋಟಿ ಬರುತ್ತವೆ! ಅತಿ ಹೆಚ್ಚು ಇರುವುದು ನಮ್ಮಂಥ ಬಿಸಿಲು ನಾಡಿನಲ್ಲಿ ಅಂದುಕೊಂಡರೆ ಅದೂ ತಪ್ಪು. ಉತ್ತರ ಧ್ರುವದ ಅಂಚಿನ ಶೀತ ಪ್ರದೇಶಗಳಲ್ಲೇ ಹೆಚ್ಚು, ಒಟ್ಟಿನ ಸುಮಾರು 38 ಶೇಕಡಾ. ಚಳಿಯಲ್ಲಿ ಎಲೆ, ಬೇರು ಬೇಗ ಕೊಳೆಯುವುದಿಲ್ಲ, ಮಣ್ಣಿನಲ್ಲಿ ಸಾವಯವ ಪದಾರ್ಥ ಕೂಡಿಕೊಂಡಿರುತ್ತದೆ. ಎಣಿಸದೆ ಹೋಗಿದ್ದರೆ ಇದು ಯಾರಿಗೂ ಹೊಳೆಯುತ್ತಿರಲಿಲ್ಲ.

ಇನ್ನು ನಮ್ಮ ತೊಗರಿಗೆ ಬರೋಣ

ತೊಗರಿಗೆ ಅಂಟುವ ಒಂದು ಮುಖ್ಯ ನೆಮಟೋಡ್ ಹೆಟೆರೋಡೆರಾ ಕಜಾನಿ. 1967ರಲ್ಲಿ ಭಾರತದಲ್ಲೇ ಇದನ್ನು ವಿವರಿಸಿ ಹೆಸರಿಟ್ಟರು. ಇದು ಬೇರನ್ನು ದೊಡ್ಡ ಗಂಟಾಗಿಸುವುದಿಲ್ಲ. ಬಿತ್ತಿದ ತಿಂಗಳ ಹೊತ್ತಿಗೆ ಬೇರಿನ ಮೇಲೆ ಗುಂಡುಸೂಜಿ ತಲೆಗಿಂತ ಸಣ್ಣ ಬಿಳಿ ಮುತ್ತಿನಂಥ ಕಾಳುಗಳು ಕಾಣುತ್ತವೆ. ಅವು ಹೆಣ್ಣು ಹುಳಗಳು. ಸತ್ತ ಮೇಲೆ ಅವುಗಳ ಮೈ ಕಂದು ಬಣ್ಣದ ಗಟ್ಟಿ ಚೀಲವಾಗಿ, ಒಳಗಿನ ಮೊಟ್ಟೆಗಳನ್ನು ಮಣ್ಣಿನಲ್ಲಿ ಕಾಪಾಡುತ್ತದೆ. ಈ ಹುಳವಿದ್ದ ಹೊಲದಲ್ಲಿ ತೊಗರಿಯ ನೆಟೆ ರೋಗವೂ ಜೋರಾಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ನೆಟೆ ರೋಗಕ್ಕೆ ಕಾರಣ ಶಿಲೀಂಧ್ರ, ಹುಳ ಅದಕ್ಕೆ ಒತ್ತಾಸೆ.

ಬೇರು ನೋಡುವ ಕ್ರಮ ಹೀಗೆ:

1. ಗಿಡವನ್ನು ಎಳೆದು ಕೀಳಬೇಡಿ. ಸಣ್ಣ ಬೇರುಗಳು ಮಣ್ಣಿನಲ್ಲೇ ಉಳಿದುಬಿಡುತ್ತವೆ. ಸುತ್ತ ಅಗೆದು ಎತ್ತಿ, ನೀರಿನಲ್ಲಿ ಅದ್ದಿ ತೊಳೆಯಿರಿ.

2. ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಂತಿದ್ದು, ಬೆರಳಿನಿಂದ ಉಜ್ಜಿದರೆ ಉದುರಿ, ಸೀಳಿದರೆ ಒಳಗೆ ಕೆಂಪು ಅಥವಾ ಗುಲಾಬಿ ಬಣ್ಣ ಕಂಡರೆ ಅದು ರೈಜೋಬಿಯಂ ಗಂಟು. ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಬಿಡಿ, ಅದು ನಿಮ್ಮ ಆಳು.

3. ಬೇರೇ ಊದಿಕೊಂಡು ಗಂಟಾಗಿದ್ದು, ಉಜ್ಜಿದರೂ ಬಿಡದಿದ್ದರೆ ಬೇರುಗಂಟು ಹುಳುವಿನ ಅನುಮಾನ.

4. ಬಿಳಿ ಅಥವಾ ಕಂದು ಬಣ್ಣದ ಅತಿ ಸಣ್ಣ ಕಾಳುಗಳಿದ್ದರೆ ಭೂತಗನ್ನಡಿಯಲ್ಲಿ ನೋಡಿ. ನಿಂಬೆಹಣ್ಣಿನ ಆಕಾರವಿದ್ದರೆ ಹೆಟೆರೋಡೆರಾ ಅನುಮಾನ.

ಅನುಮಾನ ಬಂದರೆ ಮುಂದಿನ ಹೆಜ್ಜೆ ಕಾಬ್ ತೋರಿಸಿದ್ದು. ಪೂರ್ತಿ ಸತ್ತ ಗಿಡದ ಬುಡ ಬಿಟ್ಟು, ಸೊರಗುತ್ತಿರುವ ಗಿಡಗಳ ಬೇರಿನ ಪಕ್ಕದಿಂದ, 15ರಿಂದ 20 ಸೆಂಟಿಮೀಟರ್ ಆಳದ ಮಣ್ಣನ್ನು ಹತ್ತಾರು ಕಡೆ ತೆಗೆಯಿರಿ. ಈ ಹುಳ ಹೊಲದ ತುಂಬ ಸಮನಾಗಿ ಇರುವುದಿಲ್ಲ, ಅಲ್ಲಲ್ಲಿ ಗುಂಪಾಗಿರುತ್ತದೆ. ಎಲ್ಲವನ್ನೂ ಬೆರೆಸಿ, ಅದರಲ್ಲಿ ಕಾಲು ಕಿಲೋದಷ್ಟು ಮಣ್ಣು ಮತ್ತು ಒಂದಷ್ಟು ಬೇರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನೆರಳಿನಲ್ಲಿಡಿ. ಬಿಸಿಲಿಗೆ ಒಣಗಿದರೆ ಹುಳ ಸಾಯುತ್ತದೆ, ಲೆಕ್ಕ ಸುಳ್ಳಾಗುತ್ತದೆ. ಹೊಲದ ಹೆಸರು, ಬೆಳೆ, ದಿನಾಂಕ ಬರೆದು, ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯವನ್ನೋ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನೋ ವಿಚಾರಿಸಿ. ಎಲ್ಲಿ ಪರೀಕ್ಷೆ ಮಾಡಿಸಬೇಕೆಂದು ಅಲ್ಲಿ ಕೇಳಬಹುದು.

ಮಣ್ಣು ಆರೋಗ್ಯ ಕಾರ್ಡ್ ಇದೆಯಲ್ಲ, ಸಾಲದೇ ಎಂದು ಕೇಳಬಹುದು. ಆ ಕಾರ್ಡ್‌ನಲ್ಲಿ ರಸಸಾರ, ಲವಣ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು ಹೀಗೆ 12 ಅಂಶಗಳಿರುತ್ತವೆ. ಹುಳದ ಲೆಕ್ಕ ಅದರಲ್ಲಿಲ್ಲ. ಕಾರ್ಡ್‌ನಲ್ಲಿ ಎಲ್ಲ ಸರಿಯಿದ್ದೂ ಬೆಳೆ ಅಲ್ಲಲ್ಲಿ ಸೊರಗುತ್ತಿದ್ದರೆ ಬೇರು ನೋಡುವುದನ್ನು ಮರೆಯಬೇಡಿ.

ಹುಳದ ಹೆಸರು ತಿಳಿದರೆ ದುಡ್ಡು ಉಳಿಯುತ್ತದೆ. ಹೆಟೆರೋಡೆರಾ ಕಜಾನಿ ತೊಗರಿಯಷ್ಟೇ ಅಲ್ಲದೆ ಹೆಸರು, ಅಲಸಂದಿ, ಎಳ್ಳಿನ ಮೇಲೂ ಬದುಕುತ್ತದೆ. ಹೀಗಾಗಿ ತೊಗರಿಯ ಬದಲು ಹೆಸರು ಬಿತ್ತಿದರೆ ಬೆಳೆ ಬದಲಾದಂತೆ ನಮಗೆ ಕಂಡೀತು, ಹುಳಕ್ಕೆ ಅದೇ ಊಟ. ಜೋಳ ಬಿತ್ತಿದರೆ ಅದಕ್ಕೆ ಉಪವಾಸ. ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿ ಬಿಸಿಲಿಗೆ ಬಿಡುವುದು, ಬೇವಿನ ಹಿಂಡಿ ಹಾಕುವುದು ಸಹಾಯ ಮಾಡುತ್ತವೆ. ಹುಳ ತಾನಾಗಿ ಹೆಚ್ಚು ದೂರ ಹೋಗಲಾರದು. ಅದನ್ನು ಹೊತ್ತೊಯ್ಯುವುದು ಹರಿಯುವ ನೀರು, ಸಸಿಯ ಬೇರು, ಟ್ರ್ಯಾಕ್ಟರ್ ಗಾಲಿಗೆ ಮೆತ್ತಿದ ಮಣ್ಣು. ಹುಳವಿದ್ದ ಹೊಲ ಉತ್ತ ಮೇಲೆ ನೇಗಿಲು, ಗಾಲಿ ತೊಳೆದು ಪಕ್ಕದ ಹೊಲಕ್ಕೆ ಇಳಿಸಿ. ಔಷಧಿಯ ಮಾತು ಎಣಿಕೆಯ ವರದಿ ಕೈಗೆ ಬಂದ ಮೇಲೆ, ತಜ್ಞರನ್ನು ಕೇಳಿಯೇ ಆಗಲಿ. ರೈಜೋಬಿಯಂ ಗಂಟನ್ನು ಹುಳವೆಂದು ತಿಳಿದು ವಿಷ ಹಾಕಿದರೆ ಹೋಗುವುದು ದುಡ್ಡು, ಕೆಡುವುದು ಮಣ್ಣು.

ಕಾಬ್ ತೀರಿಕೊಂಡದ್ದು 1932ರ ಜೂನ್ 4ರಂದು, ಬಾಲ್ಟಿಮೋರ್ ನಗರದಲ್ಲಿ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ನೆಮಟೋಡ್ ಶಾಸ್ತ್ರಕ್ಕೆಂದೇ ಒಂದು ವಿಭಾಗ ಬಂದಾಗ 1966. ಕಾಬ್ ಬಯಸಿದ ಎಲ್ಲವೂ ನಡೆಯಲಿಲ್ಲ. ನೆಮಟೋಡ್‌ಗಳನ್ನು ಚಿಕ್ಕದಾಗಿ ನೆಮಾ ಎಂದು ಕರೆಯಬೇಕೆಂಬ ಅವರ ಆಸೆಯನ್ನು ಹೆಚ್ಚಿನವರು ಪಾಲಿಸಲಿಲ್ಲ. ಅವರ ಬಕೆಟ್ ಮತ್ತು ಜರಡಿ ಮಾತ್ರ ಉಳಿದವು.

ಮುಂದಿನ ಸಲ ಗುಂಪಿನಲ್ಲಿ ಗಂಟುಬಿದ್ದ ಬೇರಿನ ಫೋಟೋ ಬಂದರೆ, ಔಷಧಿಯ ಹೆಸರು ಫಾರ್ವರ್ಡ್ ಮಾಡುವ ಮುನ್ನ ಒಂದು ಪ್ರಶ್ನೆ ಕೇಳಿ. ಗಂಟು ಉಜ್ಜಿದರೆ ಉದುರುತ್ತದೆಯೇ?